ದೊಡ್ಡಪ್ಪನ ಚೀಲದಲ್ಲಿದ್ದ ಮುಚ್ಚಳ

ಸುದ್ದಿ ಬಂದಾಗ ಅವಳ ಕೈಯಲ್ಲಿ ಆ ಡಬ್ಬಿಯೇ ಇತ್ತು.

ಮಧ್ಯಾಹ್ನ ನಾಲ್ಕು ಗಂಟೆ. ಬಿಡಿಭಾಗಗಳ ಬೀದಿಯ ಏಳನೆಯ ಅಂಗಡಿ. ಮೇಜಿನ ಆಚೆ ಬೆಸುಗೆಯವನು ನಿಂತಿದ್ದ. ಕೆಲಸದ ಭೂತಗನ್ನಡಿಯನ್ನು ಹಣೆಯ ಮೇಲೆ ಏರಿಸಿಕೊಂಡು, ಅದು ಅಲ್ಲಿದೆ ಎಂಬುದನ್ನೇ ಮರೆತು ಬಂದಿದ್ದ.

"ಗೊತ್ತಾಯ್ತಾ ಮೇಡಂ?"

"ಎರಡು ದಿನದಿಂದ ನೋಡ್ತಿದೀನಿ. ಸ್ಟಿಕರ್ ಡೀಸೆಲ್ ವ್ಯಾನ್ ಅನ್ನುತ್ತೆ, ಸಾಕೆಟ್ ಪೆಟ್ರೋಲ್ ಕಾರು ಅನ್ನುತ್ತೆ. ಏನು ಬೆಸುಗೆಯವರೇ, ನಿಮ್ಮ ಡಬ್ಬಿಗಳಿಗೆಲ್ಲ ಇಬ್ಬಿಬ್ಬರು ಅಪ್ಪಂದಿರಾ?"

ಅವನ ಕಿವಿ ಕೆಂಪಾಯಿತು. "ಅವಸರ ಇಲ್ಲ. ನಾಳೆ ಮತ್ತೆ ಬರ್ತೀನಿ."

"ಬನ್ನಿ. ಬರುವಾಗ ಹಣೆ ಮೇಲಿನ ಮೂರನೇ ಕಣ್ಣು ತೆಗೆದಿಟ್ಟು ಬನ್ನಿ."

ಅವನು ಗಾಬರಿಯಿಂದ ಹಣೆ ಮುಟ್ಟಿಕೊಂಡ. ಅವಳು ನಕ್ಕಳು. ಆ ನಗು ತುಟಿಯ ಮೇಲಿರುವಾಗಲೇ ಫೋನು ಹೊಡೆದುಕೊಂಡಿತು. ಯಾವುದೋ ಬಸ್ಸಿನ ಕಂಡಕ್ಟರ್. ಕಿಟಕಿಯ ಪಕ್ಕ ಕೂತಿದ್ದ ಹಿರಿಯರು ಕೂತ ಹಾಗೆಯೇ ಕಣ್ಣು ಮುಚ್ಚಿದ್ದಾರೆ. ಜೇಬಿನಲ್ಲಿ ಈ ನಂಬರಿತ್ತು. ಇಳಿಯಲು ಇನ್ನು ಎರಡೇ ಸ್ಟಾಪ್ ಬಾಕಿ ಇತ್ತು.

ಅವಳಿಗೆ ತಲೆಬುಡ ತಿಳಿಯಲಿಲ್ಲ. "ಯಾರು? ಯಾವ ಹಿರಿಯರು?" ಎಂದು ಮೂರು ಸಲ ಕೇಳಿದಳು. ಬೆಸುಗೆಯವನು ಅವಳ ಕೈಯಿಂದ ಫೋನನ್ನೂ ಡಬ್ಬಿಯನ್ನೂ ಮೆಲ್ಲಗೆ ತೆಗೆದುಕೊಂಡ.

ಅವಳನ್ನು ಸಾಕಿ ಬೆಳೆಸಿದ ದೊಡ್ಡಪ್ಪ ಹಾಗೆ ಹೊರಟುಹೋದರು.

ಕಾರಿನ ಎಂಜಿನ್ನಿಗೆ ಎಷ್ಟು ಇಂಧನ, ಯಾವಾಗ ಕಿಡಿ ಎಂದು ಹೇಳಿಕೊಡುವ ಕಂಪ್ಯೂಟರ್ ಒಂದು ಉಂಟು. ಅಂಗೈ ಅಗಲದ ಅಲ್ಯುಮಿನಿಯಂ ಪೆಟ್ಟಿಗೆ; ಬೀದಿಯವರು ಅದನ್ನು ಡಬ್ಬಿ ಎಂದೇ ಕರೆಯುತ್ತಿದ್ದರು. ಜಖಂ ಆದ ಕಾರುಗಳಿಂದ ಬಿಚ್ಚಿದ ಡಬ್ಬಿಗಳು ಚೀಲದಲ್ಲಿ ತುಂಬಿ ಬರುತ್ತಿದ್ದವು. ಯಾವುದು ಯಾವ ಕಾರಿನದು ಎಂದು ಮುಚ್ಚಳದ ಮೇಲಿನ ನಂಬರಿನಿಂದ ಹೇಳಬೇಕು. ತಪ್ಪು ಡಬ್ಬಿ ಕೂರಿಸಿದರೆ ಎಂಜಿನ್ ಮಿಸುಕುವುದಿಲ್ಲ.

ದೊಡ್ಡಪ್ಪ ಆ ವಿದ್ಯೆಯನ್ನು ಅವಳಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಕಲಿಸಿದ್ದರು. "ಮೊದಲ ಐದು ಅಂಕಿ, ನಾನು ಎಂಜಿನ್ ಕಂಪ್ಯೂಟರ್ ಅನ್ನುತ್ತವೆ. ಮುಂದಿನ ಎರಡು ಗಾಡಿಯ ಹೆಸರು ಹೇಳುತ್ತವೆ. ಆಮೇಲಿನ ಎರಡು ಎಂಜಿನ್. ಕೊನೇ ಅಕ್ಷರ ಗೇರು: ಕೈಯದೋ, ತಾನೇ ಬೀಳೋದೋ. ಮುಚ್ಚಳ ಮಾತ್ರ ಬಿಚ್ಚಬೇಡ ಮಗಳೇ. ಬಿಚ್ಚಿದ ಡಬ್ಬೀನ ಯಾರೂ ನಂಬಲ್ಲ." ತಮ್ಮ ಕೈದಾಟಿದ ಪ್ರತಿ ಡಬ್ಬಿಯ ನಾಲ್ಕು ಸ್ಕ್ರೂಗಳ ಮೇಲೂ ಅವರು ಹಳದಿ ಬಣ್ಣದ ಒಂದೊಂದು ಬೊಟ್ಟು ಇಡುತ್ತಿದ್ದರು. ಆ ಬೊಟ್ಟು ಒಡೆದಿಲ್ಲವೆಂದರೆ ಡಬ್ಬಿ ಯಾರೂ ಬಿಚ್ಚಿಲ್ಲ ಎಂದೇ ಅರ್ಥ. ಆ ಹಳದಿಯನ್ನು ಅವರೇ ಕಲಸುತ್ತಿದ್ದರು. ಅದರ ಹದವನ್ನು ಅವಳಿಗೂ ಹೇಳಿರಲಿಲ್ಲ.

ಈಗ ಅವಳಿಗೆ ಮೂವತ್ತಾರು. ಬೀದಿಗೆಲ್ಲ ಅವಳು ನಂಬರಮ್ಮ. ಎರಡು ಸಂಬಂಧಗಳು ಬಂದಿದ್ದವು. ಎರಡನ್ನೂ ಅವಳೇ ಬೇಡವೆಂದಿದ್ದಳು. ಮೂರನೆಯ ಸಲ ದೊಡ್ಡಪ್ಪ ಆ ಮಾತೆತ್ತಲಿಲ್ಲ.

ಎಲ್ಲ ಸರಿಯಾಗಿಯೇ ನಡೆದಿತ್ತು, ನಾಲ್ಕು ತಿಂಗಳ ಹಿಂದಿನವರೆಗೆ. ಬೀದಿಯ ಕೊನೆಯಲ್ಲಿ ಸುಟ್ಟ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವ ಹೊಸಬನೊಬ್ಬ ಅಂಗಡಿ ತೆರೆದ. ಅವನು ತಂದ ಮೊದಲ ಡಬ್ಬಿಯನ್ನು ಅವಳು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗಿ ಹೇಳಿಬಿಟ್ಟಿದ್ದಳು. ಆಮೇಲೆ ತಂದ ಐದೂ ಡಬ್ಬಿಗಳು ಅವಳನ್ನು ಸೋಲಿಸಿದವು. ಮುಚ್ಚಳ ಒಂದು ಮಾತು ಹೇಳಿದರೆ ತಂತಿ ಸಿಕ್ಕಿಸುವ ಸಾಕೆಟ್ ಇನ್ನೊಂದು ಹೇಳುತ್ತಿತ್ತು. ಯಾರಾದರೂ ಮುಚ್ಚಳ ಬದಲಿಸಿರಬಹುದೇ ಎಂದು ನೋಡಿದರೆ, ಸ್ಕ್ರೂಗಳ ಮೇಲೆ ದೊಡ್ಡಪ್ಪನದೇ ಹಳದಿ ಬೊಟ್ಟು, ಒಂದು ಬಿರುಕೂ ಇಲ್ಲದೆ! ಮೂರು ಸಾಕ್ಷಿ, ಮೂರು ಮಾತು.

ದೊಡ್ಡಪ್ಪನನ್ನು ಕೇಳಿದರೆ ಅವರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕಷ್ಟ ಇದೆಯಮ್ಮ. ಅವನಿಗೆ ಇನ್ನೊಂದು ದಿನ ಬರೋಕೆ ಹೇಳು. ಕೂತು ಇಬ್ಬರೂ ನೋಡಿ" ಎನ್ನುತ್ತಿದ್ದರು. ಅವನು ಬರುತ್ತಿದ್ದ. ಇಬ್ಬರ ತಲೆಗಳೂ ಒಂದೇ ದೀಪದ ಕೆಳಗೆ ಬಾಗುತ್ತಿದ್ದವು. ಅವನ ತೋರುಬೆರಳ ತುದಿಯಲ್ಲಿ ಕಾಸಿದ ಬೆಸುಗೆ ಕಡ್ಡಿ ತಗುಲಿದ ಹಳೆಯ ಕಲೆ ಇತ್ತು. ನಂಬರಿನ ಏಳನೆಯ ಅಂಕಿಯನ್ನು ಓದಬೇಕಾದ ಅವಳ ಕಣ್ಣು ಆ ಕಲೆಯ ಮೇಲೆ ನಿಂತುಬಿಡುತ್ತಿತ್ತು. ಇದೇನು ಹೊಸ ಕಾಯಿಲೆಯೋ ಎಂದು ಅವಳಿಗೆ ಗಾಬರಿ. ಕೊನೆಗೆ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದಳು. ಕಣ್ಣು ಚೆನ್ನಾಗಿದೆ ಎಂದರು ಅವರು. ಹಾಗಾದರೆ ಕೆಟ್ಟಿರುವುದು ಏನು?

ಡಾಕ್ಟರ ಚೀಟಿ ದೊಡ್ಡಪ್ಪನ ಕಣ್ಣಿಗೆ ಬಿತ್ತು. ಅವರ ಮುಖ ಸಣ್ಣದಾಯಿತು. ಮರುದಿನ ಬೆಳಗ್ಗೆ ಚೀಲ ಹಿಡಿದು ಹೊರಟವರು ಬಾಗಿಲಲ್ಲಿ ನಿಂತು, "ಸಂಜೆಯೊಳಗೆ ನಿನ್ನ ಕಣ್ಣಿಗೆ ಔಷಧಿ ತರ್ತೀನಿ ಮಗಳೇ" ಎಂದರು. ಅವಳ ಕಿವಿಗೆ ಬಿದ್ದ ಅವರ ಕೊನೆಯ ಮಾತು ಅದು.

ಎಲ್ಲ ಮುಗಿದ ಮೇಲೆ ಅವಳು ಆ ಚೀಲವನ್ನು ಬಿಚ್ಚಿ ಔಷಧಿಗಾಗಿ ಹುಡುಕಿದಳು. ಒಂದು ಟವೆಲ್ಲು, ಕನ್ನಡಕದ ಡಬ್ಬ, ನೀರಿನ ಬಾಟಲಿ. ತಳದಲ್ಲಿ ಕಾಗದ ಸುತ್ತಿದ ಒಂದು ಖಾಲಿ ಮುಚ್ಚಳ. ಬರೀ ಮುಚ್ಚಳ. ಒಳಗಿನ ಬೋರ್ಡೂ ಇಲ್ಲ, ತಳದ ಪೆಟ್ಟಿಗೆಯೂ ಇಲ್ಲ.

ಇದಕ್ಕಾಗಿ ಇವರು ಊರು ಬಿಟ್ಟು ಊರಿಗೆ ಹೋದರೇ? ಇದಕ್ಕಾಗಿ ಬಸ್ಸಿನಲ್ಲಿ ಒಬ್ಬರೇ ಪ್ರಾಣ ಬಿಟ್ಟರೇ? ಅವಳು ಆ ಮುಚ್ಚಳವನ್ನು ಓದಲಾರದೆ ಹೋದಳು. ಹುಟ್ಟಿ ಮೊದಲ ಬಾರಿಗೆ ಒಂದು ನಂಬರನ್ನು ಓದದೆ ಮಗುಚಿ, ಮೇಜಿನ ಡ್ರಾಯರಿನಲ್ಲಿಟ್ಟು ಮುಚ್ಚಿಬಿಟ್ಟಳು.

ಇನ್ನೊಂದೂ ಅವಳಿಗೆ ಅರ್ಥವಾಗಲಿಲ್ಲ. ಆ ದಿನ ಬಸ್ ನಿಲ್ದಾಣಕ್ಕೆ ಓಡಿದವನು ಬೆಸುಗೆಯವನು. ಹೊತ್ತವನು, ಎಲ್ಲರಿಗೂ ತಿಳಿಸಿದವನು, ಮನೆ ಮಂದಿಗೆ ನೀರು ಕುಡಿಸಿದವನೂ ಅವನೇ. ಆಮೇಲೆ ಅವನು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಒಂದು ವಾರ, ಎರಡು, ಮೂರು. ಐದನೆಯ ಡಬ್ಬಿ ಮೇಜಿನ ಮೇಲೆ ಹಾಗೆಯೇ ಕೂತಿತ್ತು. ಬೀದಿಯಲ್ಲಿ ಎದುರಾದರೂ ಅವನು ಚಪ್ಪಲಿ ನೋಡಿಕೊಂಡು ದಾಟಿಬಿಡುತ್ತಿದ್ದ. ನಾನೇನು ತಪ್ಪು ಮಾಡಿದೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು.

ಕೆಲಸದ ಮೇಲಿನ ಧೈರ್ಯವೂ ಹೋಯಿತು. ಹಳೆಯ ಗ್ಯಾರೇಜಿನ ಯಜಮಾನರು ಒಂದು ಡಬ್ಬಿ ತಂದು ತೋರಿಸಿದರು. ಅವಳಿಗೆ ಉತ್ತರ ಹೊಳೆದಿತ್ತು. ಆದರೂ, "ಗೊತ್ತಾಗ್ತಿಲ್ಲ ಸರ್. ಬೇರೆ ಕಡೆ ಕೇಳಿ" ಎಂದು ಕಳಿಸಿದಳು.

ಬೇರೆ ಕಡೆ ಸಂಸಾರ ಹೂಡಿದ್ದ ಅಣ್ಣ ಬಂದ. ಒಳ್ಳೆಯವನೇ. "ಸುಮ್ನೆ ಯಾಕೆ ಒದ್ದಾಡ್ತೀಯ? ನಮ್ಮನೇಲಿ ರೂಮ್ ಖಾಲಿ ಇದೆ. ನಿನ್ನ ಅತ್ತಿಗೇನೂ ಕರೆದುಕೊಂಡು ಬಾ ಅಂದಳು. ಮೊಬೈಲ್ ಕವರ್ ಮಾರೋರು ಅಂಗಡಿ ಕೇಳ್ತಿದಾರೆ. ಕೊಟ್ಟುಬಿಡೋಣ."

"ನಾಳೆ ಹೇಳ್ತೀನಿ ಅಣ್ಣ."

"ನಾಳೆ ಹತ್ತಕ್ಕೆ ಅವರನ್ನ ಕರೆದುಕೊಂಡೇ ಬರ್ತೀನಿ. ಹೂಂ ಅನ್ನು, ಸಾಕು."

ಅವಳು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ.

ಮರುದಿನ ಒಂಬತ್ತಕ್ಕೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಬೆಸುಗೆಯವನು ಕೂತಿದ್ದ. ಹಣೆಯ ಮೇಲೆ ಭೂತಗನ್ನಡಿ ಇರಲಿಲ್ಲ. ಕಣ್ಣು ಕೆಂಪಗಿತ್ತು.

"ಚಹಾ ಅಂಗಡೀಲಿ ಹೇಳಿದ್ರು. ಮಾರ್ತೀರಂತೆ."

"ನಿಮಗೇನು? ಮೂರು ವಾರ ಆಯ್ತು, ಬದುಕಿದೀನಾ ಸತ್ತಿದೀನಾ ಅಂತ ಕೇಳಲಿಲ್ಲ."

"ಯಾಕೆ ಮಾರ್ತೀರಿ?"

"ನನಗೆ ಬರಲ್ಲ, ಅದಕ್ಕೆ. ನೀವು ತಂದ ಐದು ಡಬ್ಬೀಲಿ ಒಂದನ್ನೂ ಹೇಳೋಕಾಗಲಿಲ್ಲ. ನನ್ನ ವಿದ್ಯೆ ದೊಡ್ಡಪ್ಪನ ನೆರಳಲ್ಲಿ ನಡೀತಿತ್ತು ಅಷ್ಟೇ."

ಅವನು ಒಳಗೆ ಬಂದ. ಮೇಜಿನ ಮೇಲಿನ ಡಬ್ಬಿಯ ಮೇಲೆ ಕೈಯಿಟ್ಟ. "ಆ ಐದೂ ಒಂದೇ ಡಬ್ಬಿ" ಎಂದ.

"ಏನಂದ್ರಿ?"

"ಡಬ್ಬಿ ಒಂದು. ಮುಚ್ಚಳ ಐದು. ನಾನು ಮೊದಲ ದಿನ ತಂದಿದ್ದೆನಲ್ಲ, ಅದೇ. ಪ್ರತಿ ಸಲ ಮುಚ್ಚಳ ಬದಲಿಸಿ ತಂದೆ."

"ಸುಳ್ಳು. ಸ್ಕ್ರೂ ಮೇಲೆ ದೊಡ್ಡಪ್ಪನ ಬೊಟ್ಟಿದೆ."

ಅವನು ಡಬ್ಬಿಯನ್ನು ಅವಳ ಕಡೆ ಸರಿಸಿದ. ಅವಳು ಹಳದಿ ಬೊಟ್ಟುಗಳನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಹಾಗೆ ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ದೊಡ್ಡಪ್ಪನಾ?"

"ಮೊದಲ ದಿನ ನೀವು ಎರಡೇ ನಿಮಿಷದಲ್ಲಿ ಹೇಳಿಬಿಟ್ರಿ. ಇನ್ನೇನು ನೆಪ ಹೇಳಿ ನಿಲ್ಲಲಿ? ಹೊರಗೆ ಬಂದು ಸಪ್ಪೆ ಮುಖ ಹಾಕಿಕೊಂಡು ಚಹಾ ಕುಡೀತಿದ್ದೆ. ಅವರು ಪಕ್ಕದಲ್ಲಿ ಕೂತು, 'ಅಷ್ಟು ಸುಲಭದ್ದು ತಂದರೆ ಎರಡು ನಿಮಿಷಾನೇ ಸಿಗೋದು ಕಣಯ್ಯ. ಕಷ್ಟದ್ದು ತಾ' ಅಂದ್ರು. ಕಷ್ಟದ್ದು ಎಲ್ಲಿ ಸಿಗುತ್ತೆ ಅಂದೆ. 'ನಾನು ಮಾಡಿಕೊಡ್ತೀನಿ' ಅಂದ್ರು."

"ಇಬ್ಬರೂ ಸೇರಿ ನನ್ನನ್ನ ಮಂಗ ಮಾಡಿದ್ರಿ!" ಅವಳು ಡಬ್ಬಿಯನ್ನು ದೂರ ತಳ್ಳಿದಳು. "ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆ, ಗೊತ್ತಾ ನಿಮಗೆ? ನನಗೆ ಹುಚ್ಚು ಹಿಡೀತಿದೆ ಅಂದುಕೊಂಡೆ. ಇವತ್ತು ಹತ್ತು ಗಂಟೆಗೆ ಅಂಗಡಿ ಮಾರೋಕೆ ಕೂತಿದೀನಿ!"

"ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ತಪ್ಪು ನನ್ನದು. ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೂ ಹೇಳಿಲ್ಲ." ಅವನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದ. "ಆ ದಿನ ಅವರು ಪಕ್ಕದ ಊರಿಗೆ ಹೋಗಿದ್ದು ಮುಚ್ಚಳಕ್ಕೇ. ಆರನೇದು. ನನಗೋಸ್ಕರ. ನನ್ನ ಆಸೆಗೆ ಆ ವಯಸ್ಸಲ್ಲಿ, ಆ ಬಿಸಿಲಲ್ಲಿ ಓಡಾಡಿ ಅವರು ಜೀವ ಬಿಟ್ಟರು. ಯಾವ ಮುಖ ಇಟ್ಕೊಂಡು ನಿಮ್ಮ ಮುಂದೆ ಬರಲಿ?"

ಅವಳಿಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಸುಮ್ಮನೆ ಡ್ರಾಯರ್ ಎಳೆದು ಆ ಮುಚ್ಚಳವನ್ನು ತೆಗೆದಳು. ಕಾಗದ ಬಿಡಿಸಿ ಬೆಳಕಿಗೆ ತಿರುಗಿಸಿದಳು. ಮೊದಲ ಐದು ಅಂಕಿ. ಮುಂದಿನ ಎರಡು. ಆಮೇಲಿನ ಎರಡು. ಕೊನೆಯ ಅಕ್ಷರ.

"ಚಿಕ್ಕ ಪೆಟ್ರೋಲ್ ಕಾರು. ಕೈ ಗೇರು." ಮುಚ್ಚಳವನ್ನು ಕಣ್ಣಿನ ಹತ್ತಿರ ತಂದಳು. "ಈ ನಂಬರ್ ನಾನು ಮುಂಚೆ ಓದಿದೀನಿ."

"ಎಲ್ಲಿ?"

"ಇಲ್ಲೇ. ಈ ಮೇಜಿನ ಮೇಲೆ. ಮೊದಲ ದಿನ ಬಂದಾಗ ನೀವು ನೀಲಿ ಅಂಗಿ ಹಾಕಿದ್ರಿ, ತೋಳಿನ ಗುಂಡಿ ಒಂದು ಬಿದ್ದುಹೋಗಿತ್ತು. ಸ್ಕ್ರೂಡ್ರೈವರ್ ಕೊಡಿ."

"ಮುಚ್ಚಳ ಬಿಚ್ಚಬಾರದು ಅಂತ—"

"ಕೊಡಿ ಅಂದ್ನಲ್ಲ."

ಹಳದಿ ಬೊಟ್ಟುಗಳು ಒಂದೊಂದಾಗಿ ಒಡೆದವು. ಡೀಸೆಲ್ ವ್ಯಾನಿನ ಮುಚ್ಚಳವನ್ನು ಪಕ್ಕಕ್ಕಿಟ್ಟಳು. ಒಳಗಿನ ಹಸಿರು ಬೋರ್ಡಿನ ಮೂಲೆಯಲ್ಲಿ ಚಿಕ್ಕದೊಂದು ಬಿಳಿ ಚೀಟಿ. ಅದರ ನಂಬರನ್ನೂ ಕೈಯಲ್ಲಿದ್ದ ಮುಚ್ಚಳದ ನಂಬರನ್ನೂ ಬೆರಳಿಟ್ಟು ಓದಿದಳು. ಎರಡೂ ಒಂದೇ.

"ನೋಡಿ" ಎಂದಳು. "ಅವರು ಆರನೇ ಮುಚ್ಚಳ ತರೋಕೆ ಹೋಗಿರಲಿಲ್ಲ. ಇದರ ಸ್ವಂತ ಮುಚ್ಚಳ ಬದಲಿಸೋವಾಗ ಕೈತಪ್ಪಿ ಪಕ್ಕದ ಊರಿಗೆ ಹೋಗಿರಬೇಕು, ಅದನ್ನ ಹುಡುಕಿ ವಾಪಸ್ ತರ್ತಿದ್ರು. ಆಟ ಸಾಕು ಅಂತ. ಹೊರಡೋವಾಗ ನನಗೆ ಹೇಳಿದ್ರು, ಸಂಜೆಯೊಳಗೆ ಕಣ್ಣಿಗೆ ಔಷಧಿ ತರ್ತೀನಿ ಅಂತ. ಚೀಲವೆಲ್ಲ ಹುಡುಕಿದೆ. ಇದೇ ಔಷಧಿ." ಅವಳ ಕಣ್ಣು ತುಂಬಿ ಬಂತು. "ಅವರು ಹೋಗಿದ್ದು ನನಗೋಸ್ಕರ, ನಿಮಗೋಸ್ಕರ ಅಲ್ಲ. ಅದನ್ನ ನಿಮ್ಮ ತಲೆ ಮೇಲೆ ಹೊತ್ಕೋಬೇಡಿ."

ಅವನು ಮುಖ ಮುಚ್ಚಿಕೊಂಡ. ಗಂಡಸು ಬಿಕ್ಕುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಂದು ಲೋಟ ನೀರು ತಂದು ಮುಂದಿಟ್ಟಳು. ಅಂದು ಮನೆಯಲ್ಲಿ ಅವನು ಎಲ್ಲರಿಗೂ ಕೊಟ್ಟ ಹಾಗೆ.

"ಸಿಟ್ಟು ಹೋಗಿಲ್ಲ ನನಗೆ" ಎಂದಳು.

"ಹೋಗಬಾರದು."

"ನಿಲ್ಲೋಕೆ ನೆಪ ಬೇಕಿತ್ತಾ? ನಿಮ್ಮನ್ನ ನಿಲ್ಲಬೇಡಿ ಅಂತ ನಾನು ಯಾವತ್ತಾದರೂ ಅಂದಿದ್ದೆನಾ?"

"ಕೇಳೋಕೆ ಧೈರ್ಯ ಇರಲಿಲ್ಲ."

"ಈಗ ಇದೆಯಾ?"

ಅವನು ಕಣ್ಣೊರೆಸಿಕೊಂಡು ತಲೆಯೆತ್ತಿದ. "ನಿಮ್ಮ ಜೊತೆ ಈ ದೀಪದ ಕೆಳಗೆ ದಿನಾ ಕೂರಬೇಕು. ಡಬ್ಬಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಒಪ್ಪಿಗೆಯಾದರೆ ಹೇಳಿ. ಇಲ್ಲವಾದರೆ ನನ್ನ ಬೆಸುಗೆ ಅಂಗಡಿ ಬೇರೆ ಬೀದಿಗೆ ಒಯ್ತೀನಿ."

ಅವಳು ಸ್ವಂತ ಮುಚ್ಚಳವನ್ನು ಡಬ್ಬಿಯ ಮೇಲಿಟ್ಟಳು. ಅದು ಕಟ್ ಎಂದು ಕೂತಿತು. ನಾಲ್ಕು ಸ್ಕ್ರೂ ಬಿಗಿದಳು. ಹಳದಿ ಬಣ್ಣದ ಶೀಶೆ ಕಪಾಟಿನಲ್ಲಿ ಒಣಗಿ ಹೋಗಿತ್ತು.

"ಹೊಸ ಬಣ್ಣ ಬೇಕು. ಅವರ ಹಳದಿ ನನಗೆ ಕಲಸೋಕೆ ಬರಲ್ಲ."

"ಯಾವ ಬಣ್ಣ ತರಲಿ?"

"ನೀವೇ ಆರಿಸಿ ತನ್ನಿ. ಆದರೆ ಸೀಲ್ ಮಾಡೋದು ನಾನು. ನಿಮ್ಮ ಕೈಗೆ ಮುಚ್ಚಳ ಕೊಟ್ಟರೆ ಏನಾಗುತ್ತೆ ಅಂತ ನೋಡಿದೀನಿ."

ಅಳುವಿನ ನಡುವೆಯೇ ಅವನಿಗೆ ನಗು ಬಂತು, ಅವಳಿಗೂ ಬಂತು. ನಗಬಹುದೋ ಬಾರದೋ ಎಂದು ಇಬ್ಬರೂ ಗೋಡೆಯ ಮೇಲಿನ ದೊಡ್ಡಪ್ಪನ ಪಟವನ್ನು ನೋಡಿದರು.

ಹತ್ತು ಗಂಟೆಗೆ ಅಣ್ಣ ಅಂಗಡಿ ಕೇಳುವವರನ್ನು ಕರೆದುಕೊಂಡು ಬಂದ. ಅವಳು ಗ್ಯಾರೇಜಿನ ಯಜಮಾನರಿಗೆ ಫೋನ್ ಮಾಡುತ್ತಿದ್ದಳು. "ಸರ್, ಮೊನ್ನೆ ನೀವು ತಂದಿದ್ರಲ್ಲ, ಅದು ಏಳು ಸೀಟಿನ ಡೀಸೆಲ್ ಗಾಡೀದು, ಗೇರು ತಾನೇ ಬೀಳೋದು. ನನಗೆ ಅವತ್ತೇ ಗೊತ್ತಿತ್ತು." ಫೋನಿಟ್ಟು ಅಣ್ಣನ ಕಡೆ ತಿರುಗಿ, "ಊಹೂಂ ಅಣ್ಣ. ಇವರಿಗೊಂದು ಚಹಾ ಕೊಡಿಸಿ ಕಳಿಸು" ಎಂದಳು.

ಅಣ್ಣ ಒಮ್ಮೆ ಅವಳನ್ನು, ಒಮ್ಮೆ ಮೇಜಿನಾಚೆ ಕೂತವನನ್ನು ನೋಡಿದ. ಅವನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗಲು ಅವನಿಗೂ ಕೆಲವು ದಿನ ಬೇಕು.

ಆ ಡಬ್ಬಿಯನ್ನು ಅವರು ಯಾರಿಗೂ ಕೊಡಲಿಲ್ಲ. ಅದು ಪಟದ ಕೆಳಗಿದೆ. ಬೆಳಗ್ಗೆ ಬಾಗಿಲು ತೆರೆದೊಡನೆ ಅವಳು ಅದರ ಮುಂದೆ ನಿಂತು ಕೈಮುಗಿಯುತ್ತಾಳೆ. ಅವನು ಅವಳ ಪಕ್ಕದಲ್ಲಿ ನಿಂತಿರುತ್ತಾನೆ.

ದೇವರೇ, ಒಳಗಿರುವುದನ್ನು ಮುಚ್ಚಳ ಬಿಚ್ಚದೆಯೇ ಓದಬಲ್ಲವನು ನೀನೊಬ್ಬನೇ. ಆ ಹಿರಿಯ ಜೀವ ಆಡಿದ ಆಟದಲ್ಲಿ ತಪ್ಪಿದ್ದರೆ ಕ್ಷಮಿಸು, ಪ್ರೀತಿಯಿದ್ದರೆ ಲೆಕ್ಕಕ್ಕೆ ಹಿಡಿ. ಎರಡು ಸ್ಟಾಪ್ ಮೊದಲೇ ಇಳಿದುಹೋದವರನ್ನು ನಿನ್ನ ಮನೆಯ ಬಾಗಿಲವರೆಗೆ ಕೈಹಿಡಿದು ಕರೆದುಕೊಂಡು ಹೋಗು. ಅವರ ಆತ್ಮಕ್ಕೆ ಶಾಂತಿ ಕೊಡು.