ಅರ್ಧಕ್ಕೆ ಕಸಿದ ಪದ

"ಮು... ಮುಟ್ಟಬ್ಯಾಡ!"

ರೇಷ್ಮೆಹುಳುಗಳ ತಟ್ಟೆಯತ್ತ ಚಾಚಿದ್ದ ಲತಾಮಣಿಯ ಕೈ ಗಾಳಿಯಲ್ಲೇ ನಿಂತಿತು. ಅದೇ ದನಿ... ಎರಡು ವರ್ಷಗಳಿಂದ ಕಿವಿ ಬಿಟ್ಟು ಹೋಗದ ದನಿ!

ತಿಪ್ಪಸಂದ್ರದ ಆ ಹುಳುಮನೆಯ ಬಾಗಿಲಲ್ಲಿ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಾಲರಾಜು ನಿಂತಿದ್ದ.

ಜಗಳವಾಡಲೆಂದೇ ಬಂದಿದ್ದಳು ಅವಳು.

ರಾಮನಗರದ ಕಾಲೇಜಿನಲ್ಲಿ ಇಬ್ಬರೂ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದರು. ಸೆಮಿನಾರಿನ ಹಿಂದಿನ ಸಂಜೆ, ಮಾತು ತೊದಲುವ ಬಾಲರಾಜುವಿಗೆ ಆ ಕಠಿಣ ಪದವನ್ನು ಬಿಡಿಸಿ ಕಲಿಸಿದವಳು ಅವಳೇ.

"ಎಕ್-ಡಿ-ಸಿಸ್. 'ಎಕ್' ಮೇಲೆ ಒತ್ತು ಕೊಡು, ಮಿಕ್ಕಿದ್ದು ತಾನೇ ಜಾರುತ್ತೆ. ಗ್ರೀಕ್‌ನಲ್ಲಿ 'ಎಕ್' ಅಂದ್ರೆ ಹೊರಗೆ, 'ಡ್ಯುಯಿನ್' ಅಂದ್ರೆ ತೊಡೋದು. ತೊಟ್ಟಿದ್ದನ್ನ ಕಳಚಿ ಹೊರಗೆ ಬರೋದು! ಹುಳು ಪೊರೆ ಬಿಡುತ್ತಲ್ಲ, ಅದು."

"ನಾನೂ ಹೊ... ಹೊರಕ್ ಬತ್ತೀನಾ, ಲತಾ?" ಅವನು ನಕ್ಕಿದ್ದ.

ಮರುದಿನ ವೇದಿಕೆಯ ಮೇಲೆ "ಎ... ಎಕ್..." ಎಂದು ಅವನು ತಡವರಿಸಿದಾಗ, ಹಿಂದಿನ ಬೆಂಚಿನಿಂದ ಕಿಸಕ್ಕೆಂಬ ನಗು. ತಡೆಯಲಾರದೆ ಇವಳೇ ಕೂಗಿಬಿಟ್ಟಳು: "ಎಕ್ಡಿಸಿಸ್!"

ಸಭೆ ಗೊಳ್ಳೆಂದಿತು. ಅವನು ಇವಳನ್ನೊಮ್ಮೆ ನೋಡಿದ, ಇಳಿದು ಹೋದ. ಮತ್ತೆ ಕಾಲೇಜಿನತ್ತ ಸುಳಿಯಲಿಲ್ಲ.

'ಸಹಾಯ ಮಾಡಿದ್ದೂ ತಪ್ಪೇ? ಎಂಥ ಅಹಂಕಾರ!' ಎಂದು ಇವಳೂ ಮುನಿದಿದ್ದಳು.

"ಹುಳ ಜ್ವರಕ್ಕೆ ಕೂತವೆ ಕಣವ್ವ," ಅವನ ತಾಯಿ ಬೋರಮ್ಮ ತಟ್ಟೆಯನ್ನು ಒಳಗೆ ಸರಿಸಿದಳು. "ಪೊರೆ ಬುಡೋ ಹೊತ್ತು. ಅವೇ ಈಚೆಗ್ ಬರ್ಬೇಕು. ಪಾಪ ಅಂತ ಕೈ ಹಾಕಿ ಎಳುದ್ಯೋ, ಸತ್ತೋಯ್ತವೆ!"

ಲತಾಮಣಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅಯ್ಯೋ... ತಾನು ಮಾಡಿದ್ದೂ ಅದನ್ನೇ ಅಲ್ಲವೇ? ಹೊತ್ತು ತಂದ ಜಗಳ ಅಲ್ಲೇ ಕರಗಿತು.

"ಬಾಲು... ಆವತ್ತು ನಿನ್ನ ಪದ ನಾನು ಕಿತ್ಕೊಂಡೆ."

ಅವನು ಹೊರೆ ಇಳಿಸಿದ. "ನ... ನಕ್ಕೋರ ಮ್ಯಾಲೆ ನಂಗೆ ಸಿಟ್ಟಿರ್ಲಿಲ್ಲ. ನೀನೂ ಕಾ... ಕಾಯ್ಲಿಲ್ವಲ್ಲ ಅಂತ..."

ಅರ್ಧಕ್ಕೆ ನಿಂತ ಅವನ ಓದು, ಕಳೆದುಹೋದ ಆ ದಿನಗಳು... ಯಾವುದನ್ನು ತಾನೇ ಅವಳು ಮರಳಿಸಬಲ್ಲಳು! ಕಣ್ಣು ತುಂಬಿಬಂತು.

"ಆವತ್ತೇ ಒಂದ್ ಮಾತು ಕೇಳ್ಬೇಕು ಅಂತಿದ್ದೆ," ಅವನೆಂದ. "ನನ್ನ ಮ... ಮ..."

ಆ ಪದ ಲತಾಮಣಿಯ ನಾಲಿಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿ ನಿಂತಳು.

"ಥೂ, ಅದ್ನೂ ನಾನೇ ಯೋಳ್ಬೇಕೇನ್ಲಾ!" ಬೋರಮ್ಮ ಸಿಡುಕಿದಳು.

"ಸುಮ್ನಿರಿ ಅತ್ತೆ! ಅವರೇ ಹೇಳ್ಲಿ!"

ಅತ್ತೆ! ಬೋರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ಬಾಲರಾಜು ಮಾತ್ರ ಇನ್ನೂ ಸೆಣಸುತ್ತಲೇ ಇದ್ದ.

"ಮ... ಮದ್ವೆ ಆಯ್ತೀಯಾ?"

"ಆಯ್ತೀನಿ."

"ಆವತ್ತೇ ಹಿಂಗೆ ಕಾ... ಕಾದಿದ್ರೆ, ಲತಾ?"

"ಆವತ್ತು ನಂಗೆ ಕಾಯೋಕೆ ಬರ್ತಿರ್ಲಿಲ್ಲ, ಬಾಲು..."