ಮೂರು ಗುಳಿಗೆ

“ಮೂರೂ ನುಂಗಬೇಕೇನ?” ಫಕ್ಕೀರವ್ವ ಅಂಗೈ ನೋಡಿಕೊಂಡಳು. “ಮುಂಜಾನಿಗೆ ಒಂದ ಇತ್ತಲ್ಲ, ಪುಷ್ಪಿ?”

“ಇವತ್ತು ರಕ್ತ ತಪಾಸಣಿ ಐತಿ, ಅದಕ್ಕ. ಲಗೂ ನುಂಗ್ ಬೇ ಅಜ್ಜಿ, ಅವ್ವ ಬರ್ತಾಳ!”

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊಮ್ಮಗಳು ಐದನೇ ಕ್ಲಾಸು. ಅಜ್ಜಿ ಮೂರನ್ನೂ ನುಂಗಿದಳು.

ಅಜ್ಜಿಗೆ ಫಿಟ್ಸ್ ಇತ್ತು. ಅದು ಬಾರದಿರಲೆಂದು ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ. ಬ್ಯಾಡಗಿಯ ಆ ಮನೆಯಲ್ಲಿ ಗುಳಿಗೆ ಡಬ್ಬಿಗೆ ಪುಷ್ಪಲತಾಳೇ ಮಾನಿಟರ್. ಕ್ಲಾಸಿನಲ್ಲಿ ಅವಳನ್ನು ಯಾರೂ ಮಾನಿಟರ್ ಮಾಡಿರಲಿಲ್ಲವಾದ್ದರಿಂದ ಈ ಹುದ್ದೆಯ ಮೇಲೆ ಅವಳಿಗೆ ಬಹಳ ಅಭಿಮಾನ. ಆದರೂ ಎರಡು ರಾತ್ರಿ ಮರೆತಿದ್ದಳು. ಅದಕ್ಕೇ ಇವತ್ತು ಮೂರು. ಎರಡು ದಿನದ ಹೋಂವರ್ಕನ್ನು ಒಂದೇ ಬೆಳಿಗ್ಗೆ ಮುಗಿಸುವುದರಲ್ಲಿ ಅವಳು ಪಳಗಿದವಳು.

ಹಾವೇರಿಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೈಸರ ಸೂಜಿ ಬಿಚ್ಚುತ್ತ ಕೇಳಿದ, “ಇವತ್ತಿನ ಗುಳಿಗಿ ತಗೊಂಡಿಲ್ಲಲ್ರಿ ಅಜ್ಜಿ? ರಕ್ತ ಕೊಟ್ಟ ಮ್ಯಾಲೆ ತಗೋಬೇಕು.”

ಅಜ್ಜಿ ಬಾಯಿ ತೆರೆದಳು.

“ಇಲ್ರೀ,” ಎಂದಳು ಪುಷ್ಪಿ.

ಅಜ್ಜಿ ಬಾಯಿ ಮುಚ್ಚಿದಳು.

“ಇದರಾಗ ಏನ ನೋಡ್ತೀರಿ?” ಜೊತೆಗೆ ಬಂದಿದ್ದ ಅವ್ವ ಕೇಳಿದಳು.

“ರಕ್ತದಾಗ ಔಷಧ ಎಷ್ಟೈತಿ ಅಂತ ಮಷೀನ್ ಅಳೀತೈತ್ರಿ. ಕಡಿಮಿ ಇದ್ರ ಫಿಟ್ಸ್ ಬರ್ತಾವ, ಜಾಸ್ತಿ ಆದ್ರ ತಲಿ ತಿರಗತೈತಿ. ಅದನ್ನ ನೋಡಿ ಡಾಕ್ಟರ್ ಗುಳಿಗಿ ಬರೀತಾರ.”

ಪುಷ್ಪಿ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಳು.

ಯಾರು ಮರೆತರು, ಯಾರು ಸುಳ್ಳಾಡಿದರು ಎಂಬುದು ಮಷೀನಿಗೆ ಬೇಕಿಲ್ಲ. ಇದ್ದದ್ದನ್ನು ಅಳೆಯಿತು. ರಿಪೋರ್ಟಿನಲ್ಲಿ ಔಷಧ ಜಾಸ್ತಿ ಎಂದು ಬಂತು. ಬೆಳಗಿನ ಗುಳಿಗೆ ಬೇಡವೆಂದು ಡಾಕ್ಟರು ಬರೆದರು. ಪುಷ್ಪಿಗೆ ಪಾಸಾದಷ್ಟು ಸಮಾಧಾನ.

ಹತ್ತನೆಯ ದಿನ ಅವಳು ಶಾಲೆಯಿಂದ ಬಂದಾಗ ಅಂಗಳದ ತುಂಬ ಜನ. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದ ಅಜ್ಜಿ ಫಿಟ್ಸ್ ಬಂದು ಬಿದ್ದಿದ್ದಳು. ಹಣೆ ಕಟ್ಟೆಗೆ ಬಡಿದು ನಾಲ್ಕು ಹೊಲಿಗೆ. ಖಾರ ಹೋಗಿ ಕಣ್ಣು ಊದಿದ್ದವು.

“ಡಾಕ್ಟರ್ ಹೇಳಿದಂಗ ಕೊಟ್ಟೇವಿ. ಮತ್ಯಾಕ ಬಂತು?” ಅವ್ವ ಯಾರನ್ನೂ ಉದ್ದೇಶಿಸದೆ ಕೇಳುತ್ತಲೇ ಇದ್ದಳು. ಪುಷ್ಪಿ ಅಂದು ಊಟ ಮಾಡಲಿಲ್ಲ.

ಮತ್ತೆ ಹಾವೇರಿ. ಮತ್ತೆ ಕೈಸರ, ಅದೇ ಪ್ರಶ್ನೆ.

“ಅಕೀನ್ನ ಕೇಳಪಾ,” ಎಂದಳು ಅಜ್ಜಿ. “ಗುಳಿಗಿ ಡಬ್ಬಿ ಅಕೀ ಕಡೆ ಇರ್ತೈತಿ.”

ಇಷ್ಟಾದರೂ ಡಬ್ಬಿ ಮೊಮ್ಮಗಳ ಕಡೆಯೇ ಎನ್ನುತ್ತಾಳೆ ಅಜ್ಜಿ! ಪುಷ್ಪಿ ಕೈಸರನ ಕಡೆ ತಿರುಗಿದಳು.

“ಇವತ್ತು ಕೊಟ್ಟಿಲ್ರೀ. ಹೋದ ಸಲ... ರಕ್ತ ತಗೊಳ್ಳೂಕಿಂತ ಮೊದ್ಲ ಮೂರು ಕೊಟ್ಟಿದ್ನಿ. ಎರಡು ರಾತ್ರಿದು ಮರತಿದ್ನಿ.”

ಕೈಸರನ ಕೈ ನಿಂತಿತು. ಅವ್ವ ಗರ್ರನೆ ತಿರುಗಿದಳು.

“ನಾನೂ ಬಾಯಿ ಮುಚ್ಚಿಕೊಂಡ ಕುಂತಿದ್ನಲ್ಲ,” ಅಜ್ಜಿ ಸೊಸೆಗೆ ಕೈ ಅಡ್ಡ ಮಾಡಿದಳು. “ಅಕೀದೊಂದ ತಪ್ಪಲ್ಲ.”

ಕೈಸರ ಎಲ್ಲವನ್ನೂ ಡಾಕ್ಟರಿಗೆಂದು ಚೀಟಿಯಲ್ಲಿ ಬರೆದು, ಸೂಜಿ ಚುಚ್ಚಿದ. ಈ ಸಲ ಪುಷ್ಪಿ ಕ್ಯಾಲೆಂಡರ್ ನೋಡಲಿಲ್ಲ. ಟ್ಯೂಬ್ ತುಂಬುವವರೆಗೂ ನೋಡಿ, ಹತ್ತಿಯನ್ನು ತಾನೇ ಒತ್ತಿ ಹಿಡಿದಳು.

“ಸಾಕು ಬಿಡವಾ, ರಕ್ತ ನಿಂತೈತಿ,” ಎಂದ ಕೈಸರ.

ಪುಷ್ಪಿ ಕೈ ತೆಗೆಯಲಿಲ್ಲ.