ತಳದ ತಾವರೆ ಕಾಣುವವರೆಗೆ

ಆ ಬೆಳಗ್ಗೆ ಕಬಿನಿ ಹಿನ್ನೀರಿನ ಮೇಲೆ ಮಂಜು ಕದಲದೆ ಕುಳಿತಿತ್ತು. ರಾತ್ರಿ ಉದುರಿದ ತುಂತುರು ಹುಲ್ಲಿನ ಮೇಲೆ ಇನ್ನೂ ಆರಿರಲಿಲ್ಲ.

ಅಂದು ದೀಪಾವಳಿಯ ನೀರು ತುಂಬುವ ಹಬ್ಬ. ಸಂಜೆಯಾದರೆ ಕೋಟೆ ಸೀಮೆಯ ಮನೆಮನೆಯಲ್ಲೂ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ವಿಭೂತಿ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಗಂಗೆಯನ್ನು ಒಳಗೆ ಕರೆಯುತ್ತಾರೆ.

ಶಿವಾನಿಯ ಹಂಡೆ ಮಾತ್ರ ಬೇರೆ! ಹಿನ್ನೀರಿನ ದಡದ ರೆಸಾರ್ಟಿನಲ್ಲಿ ಎಂಟು ಜನ ಕೂರುವ ಹಾಟ್ ಟಬ್. ಅದರ ಬಿಸಿನೀರನ್ನು ತಳದಲ್ಲಿ ಬಿಡಿಸಿದ ನೀಲಿ ತಾವರೆ ಕಾಣುವಷ್ಟು ತಿಳಿಯಾಗಿ ಇಡುವುದೇ ಅವಳ ಕೆಲಸ.

ಆ ದಿನ ತಾವರೆ ಕಾಣಲಿಲ್ಲ.

ನೀರು ಅಕ್ಕಿ ತೊಳೆದ ಕಲಗಚ್ಚಿನಂತಿತ್ತು. ಮೊಣಕೈವರೆಗೂ ಕೈ ಅದ್ದಿಕೊಂಡು, ಪಕ್ಕದಲ್ಲಿ ಚಲುವರಾಜು ಬಗ್ಗಿ ನಿಂತಿದ್ದ. ಪಂಪು ನೋಡಿಕೊಳ್ಳಲು ಹನ್ನೆರಡು ದಿನದ ಹಿಂದೆ ಬಂದವನು. ಬಂದ ದಿನವೇ ಕೆಸರುಗಾಲನ್ನು ಇದೇ ಟಬ್ಬಿನಲ್ಲಿ ತೊಳೆದು ಅವಳ ಬೈಗುಳ ತಿಂದವನು.

"ಏನ್ರೀ ಹಾಕಿದ್ರಿ ನನ್ ನೀರಿಗೆ?"

ಅವನು ಬೆಚ್ಚಿ ಕೈ ತೆಗೆದ. ಬೆರಳ ಸಂದಿಯಲ್ಲಿ ಬೂದುಬಣ್ಣದ ಕೆಸರು...

"ನಾನೇನೂ ಹಾಕಿಲ್ಲ ಕಣ್ರೀ."

"ಮತ್ತೆ ಇದೇನು, ಪ್ರಸಾದಾನಾ? ಅವತ್ತು ಬೈದಿದ್ದಕ್ಕೆ ಸೇಡು ತೀರಿಸ್ಕೊತಾ ಇದ್ದೀರಾ? ಥೂ! ಗಂಡಸಾಗಿ ಎದುರಿಗೆ ನಿಂತ್ಕೊಂಡು ಜಗಳ ಆಡ್ರೀ!"

"ನಿಮ್ ಎದುರಿಗೆ ಜಗಳ ಆಡಕ್ಕೆ ಟೋಕನ್ ತಗೊಂಡು ಸಾಲಲ್ಲಿ ನಿಂತ್ಕೋಬೇಕು," ಎಂದ ಅವನು. ಆದರೆ ದನಿಯಲ್ಲಿ ಎಂದಿನ ಖಾರವಿರಲಿಲ್ಲ.

ಗದ್ದಲ ಕೇಳಿ ಮ್ಯಾನೇಜರ್ ವೀರಭದ್ರಸ್ವಾಮಿ ಬಂದರು. ನೀರು ನೋಡಿ ಅವರ ಮುಖ ಬಿಗಿಯಿತು.

"ಶಿವಾನಿ, ಸಾಯಂಕಾಲ ನಾಲ್ಕಕ್ಕೆ ಗೆಸ್ಟು ಬತ್ತಾರೆ. ಇನ್ನೊಂದ್ಸಲ ನೀರು ಕೆಟ್ರೆ ಈ ಕೆಲ್ಸ ಮೈಸೂರಿನ ಕಂಪನಿಗೆ ಅಂತ ಓನರು ಹೇಳಿಲ್ವಾ?"

"ನಾನಲ್ಲ ಸಾರ್, ಇವ್ರು! ಕೈ ನೋಡಿ!"

ಮ್ಯಾನೇಜರ್ ಅವನತ್ತ ತಿರುಗಿದರು. "ಏನ್ಲಾ, ನೀನೇನಾ?"

ಚಲುವರಾಜು ಒಮ್ಮೆ ಅಡುಗೆಮನೆಯ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ, "ನಾನೇ ಅನ್ಕೊಳ್ಳಿ ಸಾರ್," ಎಂದ.

"ಪಂಪ್ ರೂಮಿನ ಕೀ ಕೊಡು. ಸಂಜೆ ಗಂಟುಮೂಟೆ ಕಟ್ಟು."

ಕೀಲಿ ಶಿವಾನಿಯ ಕೈಗೆ ಬಂತು. ಗೆದ್ದವಳಿಗೆ ಸಂತೋಷವಾಗಬೇಕಿತ್ತು... ಯಾಕೋ ಆಗಲಿಲ್ಲ.

'ಹೋಗ್ಲಿ! ಪೀಡೆ ತೊಲಗ್ತು!' ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಹೂಂಗುಟ್ಟಲಿಲ್ಲ.

ಪರೀಕ್ಷೆಯ ಕಾಗದವನ್ನು ನೀರಿಗೆ ಅದ್ದಿದಳು. ಕಡು ನೇರಳೆ! ನೀರಿನಲ್ಲಿ ಕ್ಷಾರ ಏರಿಬಿಟ್ಟಿತ್ತು. ಹಾಗಾದಾಗ ಕ್ಲೋರಿನ್ ಎಷ್ಟು ಸುರಿದರೂ ಅದರ ಕೈ ಕಟ್ಟಿದಂತೆ. ಆಮ್ಲದ ಪುಡಿಯನ್ನು ಬಕೆಟ್ಟಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವೇ ಬೆರೆಸಿದಳು. ಪಂಪು ಓಡಿಸಿದಳು. ಗಂಟೆಯ ಮೇಲೆ ಅದನ್ನು ನಿಲ್ಲಿಸಿ, ಫಿಲ್ಟರ್ ಬಿಚ್ಚಿ ತೊಳೆಯಲು ಕುಳಿತಳು.

ಅದರ ಬಟ್ಟೆಯ ಮಡಿಕೆಗಳ ತುಂಬ ಬೂದಿ. ನಡುವೆ ಏನೋ ಹಸಿರು ಎಳೆ... ಎಳೆದು ತೆಗೆದಳು.

ಹಾಗಲಬಳ್ಳಿಯ ಕುಡಿ!

ನಿನ್ನೆ ಹಿತ್ತಲಿನಲ್ಲಿ ಈ ಬಳ್ಳಿಯನ್ನು ಕೊಯ್ದು ಅವ್ವನ ಮಡಿಲಿಗೆ ಹಾಕಿದವಳು ತಾನೇ ಅಲ್ಲವೇ?

ಅವಳವ್ವ ಸುಂದ್ರಮ್ಮ ಅದೇ ರೆಸಾರ್ಟಿನ ಅಡುಗೆಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಅವ್ವಾ... ಟಬ್ಬಿಗೆ ಪೂಜೆ ಮಾಡ್ದಾ?"

"ಊಂ ಕಣವ್ವ. ಊರಿನ ಅಂಡೆಗೆಲ್ಲ ಪೂಜೆ ಆಯ್ತದೆ. ನಿನಗೆ ಅನ್ನ ಕೊಡೋ ಅಂಡೆ ಅಬ್ಬದ ದಿನ ಬರಿಗೊರಳಲ್ಲಿ ಇರ್ಬೌದಾ? ಸಂಜೆಗೆ ಜನ ಬತ್ತಾರೆ ಅಂತ ಬೆಳಗ್ಗೇನೇ ಮಾಡ್ಬುಟ್ಟೆ. ಭೀಮನಕೊಲ್ಲಿ ಮಾದಪ್ಪನ ಬೂದಿ, ಎರಡು ಬೊಗಸೆ ನೀರ್‌ಗೂ ಬುಟ್ಟೆ. ನಿನ್ ಕೆಲ್ಸ ಗಟ್ಟಿಯಾಗ್ಲಿ ಅಂತ."

ಯಾವ ಬಾಯಿಂದ ಈ ತಾಯಿಯನ್ನು ಬಯ್ಯುವುದು?

"ಆ ಪಂಪಿನ ಉಡ್ಗ ಬಂದು ನೋಡ್ದ. 'ಅವ್ವಾ, ಬಳ್ಳಿ ನಾನು ತಗೀತೀನಿ, ನೀವು ಓಗಿ, ಯಾರ್ಗೂ ಯೋಳ್ಬ್ಯಾಡಿ' ಅಂದ. ಒಳ್ಳೆ ಉಡ್ಗ ಕಣೆ. ಸ್ನಾನ ಮಾಡದೆ ಟಬ್ಬಿಗೆ ಇಳಿಯೋರ್ನೆಲ್ಲ ದಿನಾ ತಡೆದು ಶವರ್‌ಗೆ ಕಳಿಸ್ತಾನೆ. 'ಮೈ ಎಣ್ಣೆ ಬಿದ್ರೆ ನೊರೆ ಏಳುತ್ತೆ, ಪಾಪ, ಅವ್ಳಿಗೆ ಕಷ್ಟ' ಅಂತಾನೆ."

ಪಾಪ, ಅವಳಿಗೆ...!

ಕಣ್ಣು ತುಂಬಿ ಬಂತು. ಸತ್ಯ ಹೇಳಿದರೆ ಅವ್ವನ ಕೆಲಸವೂ ಹೋಗಬಹುದು. ಹೇಳದಿದ್ದರೆ ಅವನದು ಹೋಗುತ್ತದೆ. ಆ ಕುಡಿಯನ್ನು ಅಂಗೈಯಲ್ಲಿ ಹಿಡಿದು ಅವಳು ಒಂದು ಗಳಿಗೆ ನಿಂತಳು. ದೇವರು ಕೆಲವೊಮ್ಮೆ ಅಷ್ಟು ಸಣ್ಣ ವಸ್ತುವಿನಲ್ಲಿ ಬಂದು ಎದುರು ನಿಲ್ಲುತ್ತಾನೆ.

ನೇರ ಮ್ಯಾನೇಜರ್ ಮುಂದೆ ಹೋದಳು. ಎಲ್ಲವನ್ನೂ ಹೇಳಿದಳು.

ವೀರಭದ್ರಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. "ನಾಲ್ಕು ಗಂಟೆಗೆ ತಾವರೆ ಕಾಣ್ಬೇಕು. ಕಾಣ್ದಿದ್ರೆ ಮೂರು ಜನಾನೂ ಮನೆಗೆ!"

ಗೇಟಿನ ಬಳಿ ಬ್ಯಾಗಿಟ್ಟುಕೊಂಡು ಕುಳಿತಿದ್ದ ಚಲುವರಾಜುವಿನ ಮುಂದೆ ಅವಳು ನಿಂತಳು. ಕ್ಷಮೆ ಕೇಳಬೇಕೆಂದೇ ಬಂದಿದ್ದಳು. ಬಾಯಿಂದ ಬಂದದ್ದೇ ಬೇರೆ.

"ದೊಡ್ಡ ತ್ಯಾಗರಾಜ! ಯಾರ್ ಕೇಳಿದ್ರು ನಿಮ್ಮನ್ನ?"

"ಯಾರೂ ಕೇಳ್ಲಿಲ್ಲ."

"ಎದ್ದೇಳ್ರೀ. ಇನ್ನೊಂದು ಫಿಲ್ಟರ್ ತೊಳೀಬೇಕು."

ಅವನು ಎದ್ದ. ಟಬ್ಬಿಗಿದ್ದ ಎರಡು ಫಿಲ್ಟರ್‌ಗಳನ್ನು ಅದಲು ಬದಲು ಮಾಡುತ್ತ, ಒಂದು ಓಡುತ್ತಿದ್ದರೆ ಇನ್ನೊಂದನ್ನು ಅವನು ತೊಳೆದ. ಅವಳು ಅಂಚಿನ ಜಿಡ್ಡು ಉಜ್ಜಿದಳು, ಕಾಗದ ಅದ್ದಿದಳು, ಕ್ಲೋರಿನ್ ಅಳೆದು ಹಾಕಿದಳು. ಮಧ್ಯೆ ಒಂದೂ ಒಳ್ಳೆಯ ಮಾತಿಲ್ಲ.

"ನಿಧಾನ! ಮಡಿಕೆ ಹರಿದೋಗುತ್ತೆ!"

"ನೀವು ಸುಮ್ನಿದ್ರೆ ಅರಿಯಲ್ಲ."

ಮೂರಕ್ಕೂ ನೀರು ಮಸುಕೇ. ಶಿವಾನಿ ಕಣ್ಣು ಮುಚ್ಚಿದಳು. 'ಮಾದಪ್ಪಾ, ನಿನ್ನ ಬೂದಿ... ನೀನೇ ತಗೋ.'

ನಾಲ್ಕಕ್ಕೆ ಐದು ನಿಮಿಷವಿತ್ತು. ಅವಳು ಪಂಪು ನಿಲ್ಲಿಸಿದಳು. ಗುಳ್ಳೆಗಳು ಒಂದೊಂದೇ ಅಡಗಿದವು.

ಮೊದಲು ಒಂದು ದಳ. ಆಮೇಲೆ ಇನ್ನೊಂದು... ನೀಲಿ ತಾವರೆ!

ಮ್ಯಾನೇಜರ್ ಬಗ್ಗಿ ನೋಡಿದರು. "ಹೂಂ," ಎಂದಷ್ಟೇ ಹೇಳಿ ಗೆಸ್ಟುಗಳನ್ನು ಎದುರುಗೊಳ್ಳಲು ನಡೆದರು.

ಚಲುವರಾಜು ಬೆಳಗ್ಗೆ ಬಿಚ್ಚಿ ತೆಗೆದಿಟ್ಟಿದ್ದ ಹಾಗಲಬಳ್ಳಿಯನ್ನು ತಂದು, ಒಂದು ಎಲೆಯೂ ನೀರಿಗೆ ತಾಗದಂತೆ ಟಬ್ಬಿನ ಹೊರಗೋಡೆಗೆ ಸುತ್ತಿದ.

"ಅವ್ವನ ಅಬ್ಬ ಅರ್ಧಕ್ಕೆ ನಿಲ್ಬಾರ್ದು."

"ನನ್ ಮೇಲೆ ಕೋಪ ಇಲ್ವಾ ನಿಮಗೆ?"

"ಐತೆ. ಅನ್ನೆರಡು ದಿನದ್ದು ಐತೆ." ಅವನು ತಲೆ ಎತ್ತಲಿಲ್ಲ. "ನೀವು ಬಯ್ಯದ ದಿನ ಊಟ ಸೇರಲ್ಲ, ಅದ್ಕೆ ಕೋಪ."

ಅವಳಿಗೆ ನಗು ಬಂತು, ಅಳುವೂ ಬಂತು.

"ಹಂಗಾದ್ರೆ... ಜೀವಮಾನ ಪೂರ್ತಿ ಬಯ್ಲಾ?"

ಈಗ ಅವನು ತಲೆ ಎತ್ತಿದ. "ಅವ್ವನ್ನ ಕೇಳಕ್ಕೆ ನಾಳೆ ಬತ್ತೀನಿ. ಎಣ್ಣೆನೀರು ಹಾಕ್ಕೊಂಡೇ ಬತ್ತೀನಿ."

ಶಿವಾನಿ ಸೆರಗಿನ ತುದಿಯ ಗಂಟು ಬಿಚ್ಚಿ, ಪಂಪ್ ರೂಮಿನ ಕೀಲಿಯನ್ನು ತೆಗೆದು, ಅವನ ಒದ್ದೆ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದಳು.